ಚೆಂಡಿನ ಬಳಿ ನಿಲ್ಲುವ ಮೊದಲೇ ತೀರ್ಮಾನ: ಗಾಲ್ಫ್ ಹೊಡೆತವನ್ನು ಆರಿಸಿ, ನಂಬಿ ಹೊಡೆಯುವ ಬಗೆ

ಗಾಲ್ಫ್ ಕಲಿತು ಒಂದೆರಡು ವರ್ಷವಾದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ರೇಂಜಿನಲ್ಲಿ, ಅಂದರೆ ಅಭ್ಯಾಸದ ಬಯಲಿನಲ್ಲಿ, ನೆಟ್ಟಗೆ ಹೋಗುವ ಚೆಂಡು ಕೋರ್ಸಿಗೆ ಇಳಿದೊಡನೆ ಏಕೆ ಹಾಗೆ ಹೋಗುವುದಿಲ್ಲ? ಕೇಳುವವರಲ್ಲಿ ಹೆಚ್ಚಿನವರು ತಾವು ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಬೀಸುವ ರೀತಿಯಲ್ಲೇ ದೋಷ ಹುಡುಕುತ್ತಿರುತ್ತಾರೆ, ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಅವರ ಜೊತೆ ನಾಲ್ಕಾರು ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಹಾದಿಗಳು, ನಡೆದು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಚೆಂಡಿನ ಬಳಿ ಕಾಲೂರಿ ನಿಂತ ಮೇಲೂ ಅವರ ಮನಸ್ಸಿನಲ್ಲಿ ಎರಡು ಹೊಡೆತಗಳಿರುತ್ತವೆ; ಕೈಯಲ್ಲಿ ಏಳನೇ ಐರನ್ ಇದ್ದರೆ ತಲೆಯಲ್ಲಿ ಆರನೇ ಐರನ್ ಕೂತಿರುತ್ತದೆ. (ಐರನ್ ಎಂದರೆ ಲೋಹದ ತಲೆಯ ಕ್ಲಬ್; ಅದರ ಸಂಖ್ಯೆ ಚಿಕ್ಕದಾದಷ್ಟೂ ಚೆಂಡು ದೂರ ಹೋಗುತ್ತದೆ.) ಆ ಅರೆಮನಸ್ಸಿನಲ್ಲೇ ಬೀಸಿದಾಗ ಕ್ಲಬ್ ಕೆಳಗಿಳಿಯುವ ಹೊತ್ತಿಗೆ ಕೈ ಹಿಂಜರಿಯುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಹೆಚ್ಚು ಬಲ ಹಾಕುತ್ತದೆ, ಮತ್ತು ಚೆಂಡು ಎರಡು ಹೊಡೆತಗಳಲ್ಲಿ ಯಾವುದೂ ಆಗದೆ ಮೂರನೆಯ ಕಡೆಗೆ ಹೋಗುತ್ತದೆ.

ಸ್ವಲ್ಪ ತಪ್ಪಾದ ಕ್ಲಬ್ಬನ್ನು ನಂಬಿ ಹೊಡೆದ ಚೆಂಡು, ಸರಿಯಾದ ಕ್ಲಬ್ಬನ್ನು ಅನುಮಾನದಿಂದ ಹೊಡೆದ ಚೆಂಡಿಗಿಂತ ಸಾಮಾನ್ಯವಾಗಿ ಒಳ್ಳೆಯ ಜಾಗದಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ‘ಆತ್ಮವಿಶ್ವಾಸದಿಂದ ಹೊಡೆಯಿರಿ’ ಎಂದು ಹೇಳಿದ ಮಾತ್ರಕ್ಕೆ ಯಾರಿಗೂ ವಿಶ್ವಾಸ ಬರುವುದಿಲ್ಲ. ಗೊತ್ತಿರುವ ಅಂಕಿಗಳ ಮೇಲೆ, ಒಂದೇ ಕ್ರಮದಲ್ಲಿ, ಒಮ್ಮೆ ತೀರ್ಮಾನ ಮಾಡಿ ಮುಗಿಸಿದರೆ ಅದು ತಾನಾಗಿ ಬರುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗೆ ಗ್ರೀನಿಗೆ ಸುಮಾರು 150 ಗಜ ದೂರದಿಂದ ಹೊಡೆಯುವ ಅಪ್ರೋಚ್ ಹೊಡೆತವನ್ನು ತೆಗೆದುಕೊಂಡಿದ್ದೇನೆ. ಗ್ರೀನ್ ಎಂದರೆ ಕುಳಿ ಮತ್ತು ಬಾವುಟ ಇರುವ, ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ. ಎಡ ಬಲಗಳನ್ನು ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಮೊದಲೇ ಸಿದ್ಧವಿರಬೇಕಾದುದು

ನಿಯಮದಂತೆ ಚೀಲದಲ್ಲಿ 14 ಕ್ಲಬ್‌ಗಳವರೆಗೆ ಇಟ್ಟುಕೊಳ್ಳಬಹುದು. ಅವುಗಳಲ್ಲಿ ನೀವು ನಿಜವಾಗಿ ಬಳಸುವ ಪ್ರತಿಯೊಂದರ ಕ್ಯಾರಿ ನಿಮಗೆ ತಿಳಿದಿರಬೇಕು. ಕ್ಯಾರಿ ಎಂದರೆ ಚೆಂಡು ಗಾಳಿಯಲ್ಲಿ ಸಾಗಿ ಮೊದಲ ಬಾರಿ ನೆಲ ಮುಟ್ಟುವವರೆಗಿನ ದೂರ. ಆಮೇಲೆ ಉರುಳುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ಕ್ಲಬ್ಬಿನಿಂದ 15 ಚೆಂಡು ಹೊಡೆಯಿರಿ, ತೀರ ದೂರ ಹೋದ ಮೂರನ್ನೂ ತೀರ ಹತ್ತಿರ ಬಿದ್ದ ಮೂರನ್ನೂ ಬಿಡಿ, ಉಳಿದ ಒಂಬತ್ತರಲ್ಲಿ ನಟ್ಟನಡುವಿನ ಚೆಂಡಿನ ದೂರವನ್ನು ಪುಸ್ತಕದಲ್ಲಿ ಬರೆಯಿರಿ. ಹೆಚ್ಚಿನವರು ಮಾಡುವ ತಪ್ಪೆಂದರೆ, ಹೋದ ದೀಪಾವಳಿಗೆ ಒಮ್ಮೆ ಅದ್ಭುತವಾಗಿ ಬಿದ್ದ ಹೊಡೆತವನ್ನೇ ತಮ್ಮ ದೂರವೆಂದು ನಂಬಿರುವುದು. ಅಮೆರಿಕದ ವೃತ್ತಿಪರ ಸ್ಪರ್ಧಾಸರಣಿಯಾದ ಪಿಜಿಎ ಟೂರಿನ ಆಟಗಾರರ ಏಳನೇ ಐರನ್ ಸರಾಸರಿ ಸುಮಾರು 170 ಗಜ ಕ್ಯಾರಿ ಆಗುತ್ತದೆ. ನಿಮ್ಮದು 130 ಆದರೆ 130 ಎಂದೇ ಬರೆಯಿರಿ. ರೇಂಜಿನ ಸವೆದ ಚೆಂಡುಗಳು ಕೊಂಚ ಕಡಿಮೆ ಹೋಗುವುದರಿಂದ ಈ ಅಂಕಿಗಳನ್ನು ಕೋರ್ಸಿನಲ್ಲಿ ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಆಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡು ಶೇಕಡಾ ಮೂರರಷ್ಟು ಹೆಚ್ಚು ದೂರ ಸಾಗುತ್ತದೆ. ಬೆಂಗಳೂರಿನಲ್ಲಿ 150 ಗಜ ಹೋಗುವ ಕ್ಲಬ್ ಮಂಗಳೂರಿನಲ್ಲೋ ಚೆನ್ನೈಯಲ್ಲೋ 145ರ ಆಸುಪಾಸಿನಲ್ಲಿ ಬೀಳುತ್ತದೆ. ಊಟಿಗೆ ಹೋದರೆ ಅದೇ ಕ್ಲಬ್ ಇನ್ನೂ ಮುಂದೆ ಹೋಗುತ್ತದೆ, ಆದರೆ ಅಲ್ಲಿನ ಚಳಿ ಆ ಲಾಭದಲ್ಲಿ ಒಂದಿಷ್ಟನ್ನು ವಾಪಸು ಪಡೆಯುತ್ತದೆ.

ಎರಡನೆಯದಾಗಿ, ನಿಮ್ಮ ಹೊಡೆತಗಳ ಹರವು ತಿಳಿದಿರಬೇಕು. ಒಂದೇ ಗುರಿಗೆ ಹೊಡೆದ 15 ಚೆಂಡುಗಳೂ ಎಲ್ಲೆಲ್ಲಿ ಬಿದ್ದವು ಎಂದು ನೋಡಿದರೆ, ಅವು ಚುಕ್ಕೆಯಂತೆ ಒಂದೆಡೆ ಇರದೆ ರಂಗೋಲಿ ಪುಡಿ ಚೆಲ್ಲಿದಂತೆ ಹರಡಿರುತ್ತವೆ. ವಾರಾಂತ್ಯದಲ್ಲಿ ಮಾತ್ರ ಆಡುವವರಿಗೆ 150 ಗಜದಿಂದ ಎಡದ ಕೊನೆಯ ಚೆಂಡಿಗೂ ಬಲದ ಕೊನೆಯ ಚೆಂಡಿಗೂ 40 ಗಜದ ಅಂತರವಿದ್ದರೆ ಆಶ್ಚರ್ಯಪಡಬೇಕಿಲ್ಲ. ಗ್ರೀನಿನ ಅಗಲ ಎಷ್ಟೋ ಕಡೆ ಅಷ್ಟಿರುವುದಿಲ್ಲ. ಇದನ್ನು ಒಪ್ಪಿಕೊಂಡವರಿಗೆ ಮುಂದಿನ ಹಂತಗಳು ಸುಲಭವಾಗುತ್ತವೆ.

ಹಂತ 1: ಮೊದಲು ಲೈ ನೋಡಿ

ಲೈ ಎಂದರೆ ಚೆಂಡು ನೆಲದ ಮೇಲೆ ಕೂತಿರುವ ರೀತಿ. ನಮ್ಮ ಕಣ್ಣು ಮೊದಲು ಓಡುವುದು ಬಾವುಟದ ಕಡೆಗೆ, ಆದರೆ ಯಾವ ಹೊಡೆತ ಸಾಧ್ಯ ಎಂದು ನಿರ್ಧರಿಸುವುದು ಕಾಲಬುಡದ ಹುಲ್ಲು. ಚೆಂಡು ಫೇರ್‌ವೇಯಲ್ಲಿ, ಅಂದರೆ ಕತ್ತರಿಸಿದ ಹುಲ್ಲಿನ ಮುಖ್ಯ ಹಾದಿಯಲ್ಲಿ ಚೆನ್ನಾಗಿ ಕೂತಿದ್ದರೆ ನಿಮ್ಮ ಪುಸ್ತಕದ ಅಂಕಿ ನಡೆಯುತ್ತದೆ. ಪಕ್ಕದ ರಫ್‌ನಲ್ಲಿ, ಅಂದರೆ ಉದ್ದ ಹುಲ್ಲಿನಲ್ಲಿ, ಅರ್ಧ ಮುಳುಗಿದ್ದರೆ ಕ್ಲಬ್ಬಿಗೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡು ಚೆಂಡಿನ ತಿರುಗು ಕಡಿಮೆಯಾಗುತ್ತದೆ. ಅದು ಎಣಿಸಿದ್ದಕ್ಕಿಂತ ಮುಂದೆ ಹೋಗಿ ಬಿದ್ದು ಓಡಬಹುದು. ಪೂರ್ತಿ ಮುಳುಗಿದ್ದರೆ ಹುಲ್ಲು ಕ್ಲಬ್ಬಿನ ಕತ್ತನ್ನು ಹಿಡಿದು ತಿರುಗಿಸುತ್ತದೆ. ಆಗ 150 ಗಜದ ಯೋಚನೆಯನ್ನೇ ಕೈಬಿಟ್ಟು ವೆಜ್‌ನಿಂದ, ಅಂದರೆ ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಹತ್ತಿರಕ್ಕೆ ಹೊಡೆಯುವ ಕ್ಲಬ್‌ನಿಂದ, ಫೇರ್‌ವೇಗೆ ತಂದು ಹಾಕುವುದು ಲೇಸು. ಚೆಂಡು ಪಾದಕ್ಕಿಂತ ಎತ್ತರದ ಇಳಿಜಾರಿನಲ್ಲಿದ್ದರೆ ಎಡಕ್ಕೂ, ತಗ್ಗಿನಲ್ಲಿದ್ದರೆ ಬಲಕ್ಕೂ ಎಳೆಯುತ್ತದೆ.

ಹಂತ 2: ಮೂರು ದೂರಗಳನ್ನು ಕೇಳಿ

ಬಾವುಟದ ದೂರ ಒಂದನ್ನೇ ಕೇಳಬೇಡಿ. ಗ್ರೀನಿನ ಮುಂದಿನ ಅಂಚು, ಬಾವುಟ, ಹಿಂದಿನ ಅಂಚು, ಈ ಮೂರೂ ಬೇಕು. ಮುಂದಿನ ಅಂಚು 138, ಬಾವುಟ 144, ಹಿಂದಿನ ಅಂಚು 164 ಎಂದಿದ್ದರೆ ಬಾವುಟ ಮುಂದುಗಡೆ ಇದೆ ಎಂದು ಗೊತ್ತಾಗುತ್ತದೆ, ಮತ್ತು 144 ಗಜದ ಕ್ಲಬ್ ಹಿಡಿದರೆ ಸ್ವಲ್ಪ ತಪ್ಪಿದರೂ ಗ್ರೀನ್ ಮುಟ್ಟುವುದಿಲ್ಲ ಎಂಬುದೂ ತಿಳಿಯುತ್ತದೆ. 152 ಗಜದ ಕ್ಲಬ್ ಹಿಡಿದವರಿಗೆ ಮುಂದೆಯೂ ಹಿಂದೆಯೂ ಜಾಗವಿರುತ್ತದೆ.

ದೂರ ಅಳೆಯುವ ಯಂತ್ರವನ್ನು ನಿಯಮಗಳು ಅನುಮತಿಸುತ್ತವೆ, ಆ ಸ್ಪರ್ಧೆಯ ಸ್ಥಳೀಯ ನಿಯಮ ಬೇಡವೆಂದಿರದಿದ್ದರೆ. ಏರಿಳಿತವನ್ನು ಲೆಕ್ಕ ಹಾಕಿಕೊಡುವ ಸೌಲಭ್ಯವನ್ನು ಮಾತ್ರ ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಯಂತ್ರವಿಲ್ಲದವರು ಕ್ಯಾಡಿಯನ್ನು, ಅಂದರೆ ಚೀಲ ಹೊತ್ತು ಜೊತೆಗೆ ಬರುವ ಸಹಾಯಕರನ್ನು, ಕೇಳಬೇಕು. ಇಲ್ಲಿಯೂ ಕೇಳುವ ರೀತಿ ಮುಖ್ಯ. ‘ಯಾವ ಕ್ಲಬ್ ಹೊಡೀಲಿ, ಅಣ್ಣಾ?’ ಎಂದು ಶುರು ಮಾಡಿದರೆ ಅವರು ತಮಗೆ ತೋಚಿದ್ದನ್ನು ಕೊಡುತ್ತಾರೆ, ನಿಮ್ಮ ಮನಸ್ಸಿನಲ್ಲಿ ಬೇರೊಂದು ಇರುತ್ತದೆ, ಎರಡು ಹೊಡೆತಗಳ ಜಗಳ ಅಲ್ಲಿಗೇ ಆರಂಭವಾಗುತ್ತದೆ. ‘ಮುಂದಿನ ಅಂಚಿಗೆ ಎಷ್ಟು, ಗಾಳಿ ಎತ್ತ ಕಡೆ, ಗ್ರೀನ್ ಎತ್ತ ವಾಲಿದೆ?’ ಎಂದು ಕೇಳಿ. ಕ್ಲಬ್ಬನ್ನು ನೀವೇ ಆರಿಸಿ ಆಮೇಲೆ ಅವರ ಅಭಿಪ್ರಾಯ ಪಡೆಯಿರಿ. ದಿನವೂ ಅದೇ ನೆಲ ತುಳಿಯುವ ಕ್ಯಾಡಿ ತಲೆಯಾಡಿಸಿದರೆ ನಿಮಗೆ ಅರ್ಧ ಧೈರ್ಯ ಬಂದಂತೆ.

ಸ್ಪರ್ಧೆಯಲ್ಲಿ ಎದುರಾಳಿಯನ್ನು ಯಾವ ಕ್ಲಬ್ ಎಂದು ಕೇಳುವುದು ನಿಯಮಕ್ಕೆ ವಿರುದ್ಧ. ಹೊಡೆತಗಳನ್ನು ಎಣಿಸುವ ಪಂದ್ಯದಲ್ಲಿ ಅದಕ್ಕೆ ಎರಡು ಹೊಡೆತಗಳ ದಂಡವಿದೆ. ದೂರವನ್ನು ಕೇಳಬಹುದು, ಏಕೆಂದರೆ ಅದು ಎಲ್ಲರಿಗೂ ತೆರೆದ ಮಾಹಿತಿ.

ಹಂತ 3: ಗಾಳಿ, ಏರಿಳಿತ, ನೆಲ

ಗಂಟೆಗೆ 16 ಕಿಲೋಮೀಟರ್ ವೇಗದ ಎದುರುಗಾಳಿ ಸುಮಾರು ಹತ್ತನೇ ಒಂದು ಭಾಗದಷ್ಟು ದೂರವನ್ನು ತಿನ್ನುತ್ತದೆ. ಅದೇ ವೇಗದ ಹಿಂಗಾಳಿ ಕೊಡುವುದು ಅದರ ಅರ್ಧದಷ್ಟು ಮಾತ್ರ. ಎದುರುಗಾಳಿಯಲ್ಲಿ ಜೋರಾಗಿ ಹೊಡೆಯುವುದು ಅತ್ಯಂತ ಸಾಮಾನ್ಯವಾದ ತಪ್ಪು. ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ಹಿಮ್ಮುಖವಾಗಿ ತಿರುಗಿ ಗಾಳಿಪಟದಂತೆ ಮೇಲೇರಿ ಅಲ್ಲೇ ಕುಸಿಯುತ್ತದೆ. ಒಂದೋ ಎರಡೋ ಕ್ಲಬ್ ದೊಡ್ಡದನ್ನು, ಅಂದರೆ ಹೆಚ್ಚು ದೂರ ಹೋಗುವುದನ್ನು, ತೆಗೆದುಕೊಂಡು ಮೆಲ್ಲಗೆ ಬೀಸಿ. ಗ್ರೀನ್ ಹತ್ತು ಗಜ ಎತ್ತರದಲ್ಲಿದ್ದರೆ ಹತ್ತು ಗಜ ಕೂಡಿಸಿ, ತಗ್ಗಿನಲ್ಲಿದ್ದರೆ ಕಳೆಯಿರಿ. ಮಳೆಗಾಲದಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ, ಬೇಸಿಗೆಯ ಗಟ್ಟಿ ನೆಲದಲ್ಲಿ ಓಡುತ್ತದೆ.

ದೊಡ್ಡ ಕ್ಲಬ್ ಹಿಡಿಯಲು ನಾಚುವವರಿಗೆ ಒಂದು ಮಾತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ, ದೂರ ಹೊಡೆಯುವುದರಲ್ಲಿ ಆ ಕಣದ ಹಿಂದಿನ ಸಾಲಿನಲ್ಲಿದ್ದರು. ಉಳಿದವರು ಕಡಿಮೆ ದೂರದ ಐರನ್ ಹಿಡಿದ ಕಡೆ ಅವರು ಹೈಬ್ರಿಡ್, ಅಂದರೆ ಐರನ್ ಮತ್ತು ದೂರದ ಹೊಡೆತದ ವುಡ್‌ಗಳ ನಡುವಿನ ಉದ್ದ ಕ್ಲಬ್ ಹಿಡಿದು ಗ್ರೀನಿಗೆ ಹೊಡೆದು, ಪಟಿಂಗಿನಲ್ಲಿ, ಅಂದರೆ ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದರಲ್ಲಿ, ಲೆಕ್ಕ ಸರಿಮಾಡಿಕೊಳ್ಳುತ್ತಿದ್ದರು. ನಿಮ್ಮ ಜೊತೆಗಾರ ಎಂಟನೇ ಐರನ್ ತೆಗೆದ ಎಂಬುದು ನಿಮ್ಮ ಹೊಡೆತಕ್ಕೆ ಸಂಬಂಧಿಸಿದ ವಿಷಯವೇ ಅಲ್ಲ.

ಹಂತ 4: ಅಪಾಯವನ್ನು ನೋಡಿ ಗುರಿ ಇಡಿ

ನಿಮ್ಮ 40 ಗಜದ ಹರವನ್ನು ಒಂದು ಜಮಖಾನೆಯೆಂದು ಭಾವಿಸಿ, ಅದನ್ನು ಗ್ರೀನಿನ ಮೇಲೆ ಮನಸ್ಸಿನಲ್ಲೇ ಹಾಸಿ ನೋಡಿ. ಬಾವುಟದ ನೇರಕ್ಕೆ ಹಾಸಿದಾಗ ಅದರ ಬಲದಂಚು ಕೆರೆಯಲ್ಲಿ ನೆನೆಯುತ್ತಿದ್ದರೆ ಎಡಕ್ಕೆ ಎಳೆಯಿರಿ. ಎಡದಲ್ಲಿ ಬಂಕರ್, ಅಂದರೆ ಮರಳುಗುಂಡಿ, ಇದ್ದರೂ ಇರಲಿ. ಮರಳಿನಿಂದ ಮುಂದಿನ ಹೊಡೆತವನ್ನು ದಂಡವಿಲ್ಲದೆ ಹೊಡೆಯಬಹುದು, ನೀರಿಗೆ ಬಿದ್ದರೆ ಸಾಮಾನ್ಯವಾಗಿ ಒಂದು ಹೊಡೆತ ದಂಡ ತೆತ್ತು ಹೊರಗೆ ಡ್ರಾಪ್ ಮಾಡಬೇಕಾಗುತ್ತದೆ, ಅಂದರೆ ಚೆಂಡನ್ನು ಕೈಯಿಂದ ಬೀಳಿಸಿ ಅಲ್ಲಿಂದ ಆಡಬೇಕಾಗುತ್ತದೆ. ಹೀಗೆ ಎಳೆದೆಳೆದು ಜಮಖಾನೆಯ ಹೆಚ್ಚಿನ ಭಾಗ ಒಣ ನೆಲದ ಮೇಲೆ ಬಂದಾಗ ಅದರ ನಟ್ಟನಡು ಎಲ್ಲಿದೆಯೋ ಅದೇ ನಿಮ್ಮ ಗುರಿ. ಬಹಳ ಸಲ ಅದು ಗ್ರೀನಿನ ನಡುವೆಯೇ ಇರುತ್ತದೆ, ಬಾವುಟದ ಮೇಲಿರುವುದು ಅಪರೂಪ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಹೋಲ್‌ನಲ್ಲಿ ನನಗೆ ಬೇಕಾಗಿರುವುದು ಎಷ್ಟು? 1999ರ ಓಪನ್ ಚಾಂಪಿಯನ್‌ಶಿಪ್ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದಾಗ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಕೊನೆಯ ಹೋಲ್‌ಗೆ ಮೂರು ಹೊಡೆತಗಳ ಮುನ್ನಡೆಯಲ್ಲಿ ಬಂದರು. ನಾಲ್ಕರಲ್ಲಿ ಮುಗಿಸಬೇಕಾದ ಆ ಹೋಲನ್ನು ಅವರು ಆರರಲ್ಲಿ ಮುಗಿಸಿದರೂ ಗೆಲುವು ಅವರದಾಗಿತ್ತು. ಅವರು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ತೆಗೆದರು, ಚೆಂಡು ಬಲಕ್ಕೆ ಹೋಯಿತಾದರೂ ಬದುಕಿಕೊಂಡಿತು. ಆಗ ವೆಜ್‌ನಿಂದ ಬ್ಯಾರಿ ಬರ್ನ್ ಎಂಬ ತೊರೆಯ ಈಚೆಗೆ ಹಾಕಿಕೊಳ್ಳುವ ಅವಕಾಶವಿತ್ತು. ಅವರು ಎರಡನೇ ಐರನ್‌ನಿಂದ ಗ್ರೀನಿನತ್ತಲೇ ಹೊಡೆದರು. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು, ಹಿಂದಕ್ಕೆ ಪುಟಿದು, ತೊರೆಯ ಕಲ್ಲಿನ ಗೋಡೆಗೆ ತಾಗಿ ದಟ್ಟ ಹುಲ್ಲಿಗೆ ಬಿತ್ತು. ಮೂರನೆಯದು ತೊರೆಗೆ, ದಂಡದ ನಂತರದ್ದು ಬಂಕರಿಗೆ, ಕೊನೆಗೆ ಏಳು. ಸಮನಾಗಿ ನಿಂತ ಮೂವರ ನಡುವಿನ ಪ್ಲೇಆಫ್‌ನಲ್ಲಿ ಸ್ಕಾಟ್ಲೆಂಡಿನವರೇ ಆದ ಪಾಲ್ ಲಾರಿ ಗೆದ್ದರು.

ಗ್ಯಾಲರಿಯಿಂದ ಚೆಂಡು ಹಾಗೆ ಪುಟಿದದ್ದು ದುರದೃಷ್ಟವೆಂಬುದು ನಿಜ, ಮತ್ತು ಅವರಿಗೆ ಧೈರ್ಯದ ಕೊರತೆಯಿತ್ತೆಂದು ಯಾರೂ ಹೇಳಲಾರರು. ಆದರೆ ಆ ಎರಡನೇ ಐರನ್ ಪೂರ್ತಿ ಯಶಸ್ವಿಯಾಗಿದ್ದರೂ ಅವರಿಗೆ ಅಗತ್ಯವಿಲ್ಲದ ಹೊಡೆತಗಳಷ್ಟೇ ಉಳಿಯುತ್ತಿದ್ದವು. ತಪ್ಪಿದರೆ ಹೋಗುವುದು ಇಡೀ ಪ್ರಶಸ್ತಿ. ಹೊಡೆತವನ್ನು ನಂಬುವ ಕೆಲಸ ಬರುವುದು ಆಯ್ಕೆ ಸರಿಯಾದ ಮೇಲೆ. ತಪ್ಪು ಆಯ್ಕೆಯನ್ನು ದೃಢವಾಗಿ ನಂಬುವುದರಿಂದ ಅದು ಸರಿಹೋಗುವುದಿಲ್ಲ.

ನಾನು ಬಳಸುವ ಅಳತೆ ಸರಳವಾದುದು: ಈ ಹೊಡೆತವನ್ನು ಹತ್ತು ಸಲ ಹೊಡೆದರೆ ಏಳು ಸಲವಾದರೂ ನೆಮ್ಮದಿಯ ಜಾಗದಲ್ಲಿ ಬೀಳುತ್ತದೆಯೇ? ಇಲ್ಲವೆಂದಾದರೆ ಲೇ-ಅಪ್ ಮಾಡುತ್ತೇನೆ, ಅಂದರೆ ಅಪಾಯದ ಈಚೆಗೆ ಬೇಕೆಂದೇ ಚೆಂಡು ನಿಲ್ಲಿಸುತ್ತೇನೆ. ಲೇ-ಅಪ್ ಮಾಡುವಾಗಲೂ ನಿಶ್ಚಿತ ಗುರಿ ಬೇಕು. ಸುಮ್ಮನೆ ‘ಮುಂದಕ್ಕೆ’ ಹೊಡೆದು ತೊರೆಗೇ ಉರುಳಿಸಿದವರು ಬಹಳ ಮಂದಿ.

ಹಂತ 5: ಹೊಡೆತವನ್ನು ಒಂದು ವಾಕ್ಯದಲ್ಲಿ ಹೇಳಿ

ತೀರ್ಮಾನ ಮುಗಿದಿದೆಯೇ ಎಂದು ತಿಳಿಯುವ ಉಪಾಯವಿದು. ‘ಏಳನೇ ಐರನ್, ಗ್ರೀನಿನ ಹಿಂದಿರುವ ಒಂಟಿ ಸಿಲ್ವರ್ ಓಕ್ ಮರದ ನೇರಕ್ಕೆ, ಮಾಮೂಲಿ ಬಲ’ ಎಂದು ಮೆಲ್ಲಗೆ ಬಾಯಿಬಿಟ್ಟು ಹೇಳಿ. ವಾಕ್ಯದಲ್ಲಿ ‘ಆದರೆ’, ‘ಇಲ್ಲದಿದ್ದರೆ’, ‘ಬಹುಶಃ’ ಎಂಬ ಮಾತು ನುಸುಳಿದರೆ ತೀರ್ಮಾನ ಇನ್ನೂ ಆಗಿಲ್ಲ. ‘ಬಲಕ್ಕೆ ಹೋಗಬಾರದು’ ಎಂಬುದೂ ಗುರಿಯಲ್ಲ. ಎಲ್ಲಿಗೆ ಹೋಗಬೇಕು ಎಂಬುದನ್ನೇ ಹೇಳಬೇಕು. ಎರಡು ಕ್ಲಬ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ದೊಡ್ಡದನ್ನೇ ಆರಿಸಿ, ಏಕೆಂದರೆ ಹವ್ಯಾಸಿಗಳ ಚೆಂಡು ಗ್ರೀನ್ ದಾಟಿ ಹೋಗುವುದಕ್ಕಿಂತ ಮುಟ್ಟದೆ ಉಳಿಯುವುದೇ ಹೆಚ್ಚು. ಹಿಂದುಗಡೆ ನೀರೋ ಇಳಿಜಾರೋ ಇದ್ದರೆ ಮಾತ್ರ ಈ ಸೂತ್ರವನ್ನು ಬದಲಿಸಿ.

ಹಂತ 6: ಹೊಸ್ತಿಲು ದಾಟಿ

ಸ್ವೀಡನ್ನಿನ ಪಿಯಾ ನಿಲ್ಸನ್ ಮತ್ತು ಅಮೆರಿಕದ ಲಿನ್ ಮ್ಯಾರಿಯಟ್ ಎಂಬ ತರಬೇತುದಾರರು ಚೆಂಡಿನ ಹಿಂದೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಲು ಕಲಿಸುತ್ತಾರೆ. ಗೆರೆಯ ಹಿಂದಿನದು ಯೋಚಿಸುವ ಜಾಗ, ಮುಂದಿನದು ಆಡುವ ಜಾಗ. ನಿಲ್ಸನ್ ಅವರ ಗರಡಿಯಲ್ಲಿ ಪಳಗಿದ ಆನಿಕಾ ಸೋರೆನ್‌ಸ್ಟಾಮ್ 2001ರಲ್ಲಿ ಮಹಿಳಾ ವೃತ್ತಿಪರರ ಎಲ್‌ಪಿಜಿಎ ಟೂರಿನಲ್ಲಿ 18 ಹೋಲ್‌ಗಳನ್ನು 59 ಹೊಡೆತಗಳಲ್ಲಿ ಮುಗಿಸಿದವರು. ನಮ್ಮವರಿಗೆ ಆ ಗೆರೆಯನ್ನು ಹೊಸ್ತಿಲೆಂದು ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ: ಚಪ್ಪಲಿಯನ್ನು ಹೊರಗೆ ಬಿಡುವಂತೆ ಅಂಕಿಗಳನ್ನೂ ಅನುಮಾನಗಳನ್ನೂ ಹೊರಗೇ ಬಿಡಬೇಕು.

ಚೆಂಡಿನಿಂದ ನಾಲ್ಕೈದು ಹೆಜ್ಜೆ ಹಿಂದೆ, ಗುರಿಯ ನೇರಕ್ಕೆ ನಿಲ್ಲಿ. ಅಲ್ಲಿಯೇ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಹೊಡೆಯಬೇಕಾದ ಬಲದಲ್ಲೇ ಕ್ಲಬ್ ಬೀಸಿ ನೋಡಿ. ಚೆಂಡು ಎದ್ದು ಹೋಗುವ ದಾರಿಯನ್ನು ಕಣ್ಣಿಗೆ ಕಟ್ಟಿಕೊಳ್ಳಿ. ಅನಂತರ ಅದೇ ನೇರದಲ್ಲಿ ಚೆಂಡಿನಿಂದ ಒಂದೆರಡು ಅಡಿ ಮುಂದೆ ಒಂದು ಒಣ ಎಲೆಯನ್ನೋ ಬಣ್ಣಗೆಟ್ಟ ಹುಲ್ಲನ್ನೋ ಗುರುತಿಸಿಕೊಳ್ಳಿ. ಅಮೆರಿಕದ ಹೆಸರಾಂತ ಆಟಗಾರ ಜಾಕ್ ನಿಕ್ಲಾಸ್ ಅವರ ಆಟದಿಂದ ಪ್ರಸಿದ್ಧವಾದ ಈ ಪದ್ಧತಿಯ ಅನುಕೂಲವೆಂದರೆ, 150 ಗಜ ದೂರದ ಮರಕ್ಕೆ ಕ್ಲಬ್ಬಿನ ಮುಖವನ್ನು ನೇರ ಮಾಡುವುದಕ್ಕಿಂತ ಎರಡು ಅಡಿ ದೂರದ ಎಲೆಗೆ ನೇರ ಮಾಡುವುದು ಬಹಳ ಸುಲಭ. ಕ್ಯಾಡಿ ಹಿಂದೆ ನಿಂತು ನೇರ ಹೇಳಿಕೊಡುವುದನ್ನು 2019ರ ನಿಯಮಗಳು ತಡೆದಿವೆ: ನೀವು ಕಾಲೂರಲು ಆರಂಭಿಸಿದ ಮೇಲೆ ಅವರು ಬೇಕೆಂದೇ ಆ ಗೆರೆಯಲ್ಲಿ ನಿಲ್ಲುವಂತಿಲ್ಲ.

ಹೊಸ್ತಿಲು ದಾಟಿದ ಮೇಲೆ ಕ್ಲಬ್ಬಿನ ಮುಖವನ್ನು ಎಲೆಗೆ ಹೊಂದಿಸಿ, ಪಾದಗಳನ್ನು ಇಟ್ಟು, ಒಮ್ಮೆ ಗುರಿಯತ್ತ ನೋಡಿ ಬೀಸಿಬಿಡಿ. ಇದಕ್ಕೆ ಏಳೆಂಟು ಸೆಕೆಂಡು ಸಾಕು. ಮೊಣಕೈ ಹೀಗಿರಲಿ, ತಲೆ ಅಲುಗದಿರಲಿ ಎಂಬ ಪಾಠಗಳನ್ನು ಇಲ್ಲಿ ನೆನೆಯಬೇಡಿ. ಅವು ರೇಂಜಿಗೆ ಸೇರಿದವು.

ನಿಮ್ಮ ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮಗಳು ಸಲಹೆ ಮಾಡುತ್ತವೆ. ಇಷ್ಟೆಲ್ಲ ಹಂತಗಳಿಗೆ ಸಮಯವೆಲ್ಲಿ ಎಂದು ಕೇಳಬಹುದು. ಮೊದಲ ನಾಲ್ಕನ್ನು ಉಳಿದವರು ಹೊಡೆಯುವಾಗ, ನಡೆಯುತ್ತಾ ಬರುವಾಗ ಮುಗಿಸಿಕೊಳ್ಳಬೇಕು.

ಹಂತ 7: ಅನುಮಾನ ಬಂದರೆ ಹಿಂದೆ ಸರಿಯಿರಿ

ನಿಂತಾಗ ಗಾಳಿ ತಿರುಗಿದರೆ, ಪಕ್ಕದಲ್ಲಿ ಫೋನ್ ಬಡಿದುಕೊಂಡರೆ, ಅಥವಾ ಕಾರಣವೇ ಇಲ್ಲದೆ ‘ಆರನೇ ಐರನ್ ಬೇಕಿತ್ತೇನೋ’ ಎಂದು ಅನಿಸಿದರೆ, ಹೊಸ್ತಿಲಿನಾಚೆಗೆ ವಾಪಸು ಬನ್ನಿ. ಹಂತ 5ರ ವಾಕ್ಯವನ್ನು ಮತ್ತೆ ಹೇಳಿ, ಬೇಕಿದ್ದರೆ ಕ್ಲಬ್ ಬದಲಿಸಿ. ಹೆಚ್ಚಿನವರು ಹಿಂದೆ ಸರಿಯದಿರುವುದು ಸಂಕೋಚದಿಂದ, ಕಾಯುತ್ತಿರುವವರು ಏನಂದುಕೊಂಡಾರು ಎಂದು. ನೀವು ಹತ್ತು ಸೆಕೆಂಡು ಹೆಚ್ಚು ತೆಗೆದುಕೊಂಡರೆ ಅವರಿಗೆ ಬೇಸರವಾಗುವುದಿಲ್ಲ. ಪೊದೆಯಲ್ಲಿ ಮೂರು ನಿಮಿಷ ಚೆಂಡು ಹುಡುಕಿಸಿದರೆ ಆಗುತ್ತದೆ. ಒಂದು ಹೊಡೆತಕ್ಕೆ ಒಂದೇ ಸಲ ಹಿಂದೆ ಸರಿಯುವುದು ಎಂದು ಮಿತಿ ಇಟ್ಟುಕೊಳ್ಳಿ.

ಹಂತ 8: ಹೊಡೆದ ಮೇಲೆ ಮೂರು ಗುರುತು

ಚೆಂಡು ಎಲ್ಲಿ ಬಿತ್ತು ಎಂಬುದರಿಂದ ಮಾತ್ರ ಹೊಡೆತವನ್ನು ಅಳೆಯಬೇಡಿ. ಟೂರ್ ಆಟಗಾರರೂ ಎಂಟು ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕುಳಿಗೆ ಹಾಕುತ್ತಾರೆ ಎಂದ ಮೇಲೆ, ಸರಿಯಾಗಿ ಆರಿಸಿ ಚೆನ್ನಾಗಿ ಹೊಡೆದ ಚೆಂಡೂ ತಪ್ಪುವುದು ಆಟದ ಸಹಜ ಭಾಗ. ಸ್ಕೋರ್ ಕಾರ್ಡಿನ ಮೂಲೆಯಲ್ಲಿ ಪ್ರತಿ ಅಪ್ರೋಚ್ ಹೊಡೆತಕ್ಕೂ ಮೂರು ಗುರುತು ಹಾಕಿ: ಆಯ್ಕೆ ಸರಿಯಿತ್ತೇ, ಬೀಸುವಾಗ ಮನಸ್ಸಿನಲ್ಲಿ ಒಂದೇ ಹೊಡೆತವಿತ್ತೇ, ಚೆಂಡಿಗೆ ಕ್ಲಬ್ ಸರಿಯಾಗಿ ತಾಗಿತೇ. ಹೊಡೆದ ಒಂದು ನಿಮಿಷದೊಳಗೆ ಹಾಕಬೇಕು. ಮನೆಗೆ ಹೋಗಿ ಬರೆದರೆ ಸ್ಕೋರೇ ಉತ್ತರವನ್ನು ಬರೆಸಿಬಿಡುತ್ತದೆ.

ಐದು ಸುತ್ತು ಆಡಿದ ಮೇಲೆ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಪ್ಪುಗಳು ಮೂರನೇ ಗುರುತಿನಲ್ಲಿ ಹೆಚ್ಚಿದ್ದರೆ ತರಬೇತುದಾರರ ಬಳಿ ಹೋಗಿ. ಮೊದಲನೆಯದರಲ್ಲಿ ಹೆಚ್ಚಿದ್ದರೆ ನಿಮ್ಮ ದೂರಗಳ ಪುಸ್ತಕವನ್ನು ಮತ್ತೆ ಬರೆಯಬೇಕಾಗಿದೆ. ಎರಡನೆಯದರಲ್ಲಿ ಹೆಚ್ಚಿದ್ದರೆ ರೇಂಜಿನಲ್ಲಿ ಒಂದೇ ಕ್ಲಬ್ಬಿನಿಂದ 50 ಚೆಂಡು ಹೊಡೆಯುವುದನ್ನು ನಿಲ್ಲಿಸಿ, 20 ಚೆಂಡು ಮಾತ್ರ ತೆಗೆದುಕೊಂಡು, ಪ್ರತಿ ಚೆಂಡಿಗೂ ಕ್ಲಬ್ಬನ್ನೂ ಗುರಿಯನ್ನೂ ಬದಲಿಸಿ, ಪ್ರತಿ ಸಲವೂ ಹೊಸ್ತಿಲಿನ ಹಿಂದಿನಿಂದ ವಾಕ್ಯ ಹೇಳಿಕೊಂಡೇ ಹೊಡೆಯಿರಿ.